ಚಿಕ್ಕ ಗಡಿಯಾರದ ಸುತ್ತಿನ ಪೇಟೆ

ಮೈಸೂರಿನ ಹೃದಯಭಾಗದಲ್ಲಿ ಎರಡು ಗಡಿಯಾರ ಗೋಪುರಗಳಿವೆ. ಅರಮನೆಯ ಸಮೀಪದಲ್ಲಿರುವ, 75 ಅಡಿ ಎತ್ತರದ ‘ದೊಡ್ಡ ಗಡಿಯಾರ’ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ಎದ್ದು ನಿಂತದ್ದು. ದೇವರಾಜ ಮಾರುಕಟ್ಟೆಯ ದಕ್ಷಿಣದ ತುದಿಯಲ್ಲಿರುವ ಡಫರಿನ್ ಗೋಪುರ ಅದಕ್ಕಿಂತ ನಾಲ್ಕು ದಶಕಗಳಷ್ಟು ಹಳೆಯದು. ವೈಸರಾಯ್ ಲಾರ್ಡ್ ಡಫರಿನ್ 1886ರಲ್ಲಿ ಮೈಸೂರಿಗೆ ಭೇಟಿಯಿತ್ತುದರ ಸ್ಮಾರಕ ಅದು. ವಯಸ್ಸಿನಲ್ಲಿ ಹಿರಿಯದಾದರೂ ಎತ್ತರದಲ್ಲಿ ಕಿರಿದಾದ ಈ ಗೋಪುರ ಜನರ ಬಾಯಲ್ಲಿ ‘ಚಿಕ್ಕ ಗಡಿಯಾರ’ವಾಗಿಯೇ ಉಳಿಯಿತು. ವೈಸರಾಯರ ಹೆಸರು ದಾಖಲೆಗಳಲ್ಲಿದೆ. ಆಟೋದವರಿಗೆ ‘ಚಿಕ್ಕ ಗಡಿಯಾರ’ ಎಂದರೆ ಸಾಕು.

ಈ ಸ್ಥಳ ಪೇಟೆಯಾದುದು ಆಕಸ್ಮಿಕವಲ್ಲ. ಇಲ್ಲಿ ಮೊದಲಿಗೆ ವಾರದ ಸಂತೆ ಸೇರುತ್ತಿತ್ತು. ಕಾವೇರಿಯ ನೀರನ್ನು ಊರಿಗೆ ತರಲೆಂದು ದಿವಾನ್ ಪೂರ್ಣಯ್ಯನವರು ತೋಡಿಸಲು ತೊಡಗಿದ ನಾಲೆಯ ಜಾಡೂ ಈ ಭಾಗದಲ್ಲೇ ಹಾದುಹೋಗಿತ್ತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ನಗರ ಹೊಸ ರೂಪ ತಳೆಯತೊಡಗಿದಾಗ ಸಂತೆಗೂ ಸೂರು ದೊರೆಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅದು ಹಂತಹಂತವಾಗಿ ಬೆಳೆದು ಧನ್ವಂತರಿ ರಸ್ತೆಯವರೆಗೆ ಚಾಚಿಕೊಂಡಿತು. 1659ರಿಂದ 1673ರವರೆಗೆ ರಾಜ್ಯವಾಳಿದ ದೊಡ್ಡ ದೇವರಾಜ ಒಡೆಯರ ಹೆಸರು ಅದಕ್ಕೆ ಬಂತು.

ಕಟ್ಟಡದ ರಚನೆ ಸರಳವಾದುದು, ಆದರೆ ಜಾಣತನದ್ದು. ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿದ ಸಾಲು ಅಂಗಡಿಗಳೇ ಹೊರಗೋಡೆಯ ಕೆಲಸವನ್ನೂ ಮಾಡುತ್ತವೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ, ಮರದ ತೊಲೆಗಳ ಮೇಲೆ ಮದ್ರಾಸ್ ತಾರಸಿ. ದ್ವಾರ ದಾಟಿ ಒಳಹೊಕ್ಕರೆ ಉದ್ದಕ್ಕೂ ಓಣಿಗಳು, ಎರಡೂ ಬದಿಗೆ ಕಟ್ಟೆಗಳು. ವಾಹನಗಳ ಗದ್ದಲ ಹೊರಗೇ ಉಳಿಯುತ್ತದೆ. ಮೇಲಂತಸ್ತು ಇಲ್ಲದ್ದರಿಂದ ಗಾಳಿ, ಬೆಳಕು ನೇರವಾಗಿ ಬರುತ್ತವೆ. ತರಕಾರಿ ಬಾಡುವ, ಹೂವು ಕಂದುವ ವ್ಯಾಪಾರಕ್ಕೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಿಲ್ಲ.

ಒಳಗೆ ಒಂದೊಂದು ಸರಕಿಗೂ ಒಂದೊಂದು ಬೀದಿ. ಕುಂಕುಮ, ಅರಿಸಿನ, ರಂಗೋಲಿ ಪುಡಿಗಳನ್ನು ಗೋಪುರದಂತೆ ಒಟ್ಟಿಟ್ಟ ಅಂಗಡಿಗಳು ಒಂದೆಡೆ. ಊದುಬತ್ತಿ, ಸುಗಂಧ ತೈಲ ಮಾರುವವರು ಇನ್ನೊಂದೆಡೆ. ಹೂವಿನ ಓಣಿಯಲ್ಲಿ ಬಿಡಿ ಹೂವು ತೂಕದ ಮೇಲೆ, ಕಟ್ಟಿದ ಹೂವು ಮಾರಿನ ಲೆಕ್ಕದಲ್ಲಿ. ಅಲ್ಲಿಂದ ಮುಂದೆ ಬಾಳೆಹಣ್ಣಿನ ಮಂಡಿಗಳು, ವೀಳ್ಯದೆಲೆಯ ಕಟ್ಟುಗಳು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಉಂಟು. ಆ ಮಾನ್ಯತೆಗೆ ಎಷ್ಟೋ ಮೊದಲೇ ಇಂಥ ಬೆಳೆಗಳಿಗೆ ಊರಿನ ಹೆಸರು ಅಂಟಿಕೊಂಡಿತ್ತೆಂದರೆ, ಅದಕ್ಕೆ ಬೆಳೆದವನ ಹೊಲ ಎಷ್ಟು ಕಾರಣವೋ ಮಾರಿದ ಪೇಟೆಯೂ ಅಷ್ಟೇ ಕಾರಣ.

ಗೋಪುರದ ಗಡಿಯಾರ ಗಂಟೆ ತೋರಿಸಿದರೆ ಮಾರುಕಟ್ಟೆ ತಿಂಗಳು ತೋರಿಸುತ್ತದೆ. ಎಳ್ಳು, ಸಕ್ಕರೆ ಅಚ್ಚು, ಕಬ್ಬು ಬಂದರೆ ಸಂಕ್ರಾಂತಿ. ಮಾವಿನ ಸೊಪ್ಪು, ಬೇವಿನ ಹೂವು ಕಂಡರೆ ಯುಗಾದಿ. ಬಾಗಿನದ ಮೊರಗಳು ಗೌರಿ ಹಬ್ಬವನ್ನು ಸಾರುತ್ತವೆ. ಆಯುಧಪೂಜೆಯ ಹಿಂದಿನ ದಿನ ಬೂದುಗುಂಬಳ, ಬಾಳೆಕಂದುಗಳ ರಾಶಿಯ ನಡುವೆ ಕಾಲಿಡಲು ಜಾಗವಿರದು. ಆಯುಧಪೂಜೆಯ ಮರುದಿನ ವಿಜಯದಶಮಿಯ ಜಂಬೂಸವಾರಿ ಇದೇ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದತ್ತ ಸಾಗುತ್ತದೆ. ಮೈಸೂರು ಪಾಕ್ ಮೊದಲು ಮಾಡಿದನೆಂದು ಹೇಳಲಾಗುವ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನ ವಂಶಸ್ಥರ ಸಿಹಿ ಅಂಗಡಿಯೂ ಇದೇ ರಸ್ತೆಯಲ್ಲಿದೆ.

ಪೇಟೆ ಎಂದೂ ಒಂದೇ ಕಟ್ಟಡದಲ್ಲಿ ಮುಗಿಯುವುದಿಲ್ಲ. ಚಿಕ್ಕ ಗಡಿಯಾರಕ್ಕೆ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡ ಮತ್ತೊಬ್ಬ ವೈಸರಾಯರ ಹೆಸರು ಹೊತ್ತದ್ದು. ಅದರ ಸಾಲು ಮಳಿಗೆಗಳಲ್ಲಿ ಹಳೆಯ ಪುಸ್ತಕಗಳ ವ್ಯಾಪಾರ ನಡೆಯುತ್ತಿತ್ತು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ಭಾಗವೂ ಕುಸಿಯಿತು.

ಅಂದಿನಿಂದ ಎರಡು ವಾದಗಳು ಎದುರುಬದುರಾಗಿವೆ. ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂಬುದು ಒಂದು. ದುರಸ್ತಿ ಮಾಡಿ ಉಳಿಸಬೇಕೆಂಬುದು ಪರಂಪರೆ ತಜ್ಞರ ಮತ್ತು ವ್ಯಾಪಾರಿಗಳ ವಾದ. ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ನಾಲ್ಕು ಜೀವಗಳು ಹೋದ ಮೇಲೆ ಜನರ ಸುರಕ್ಷತೆಯ ಮಾತನ್ನು ನೆಪವೆಂದು ತಳ್ಳಿಹಾಕುವಂತಿಲ್ಲ. ಆದರೆ ಸುಣ್ಣದ ಗಾರೆಯ ಕಟ್ಟಡಗಳು ಬರಿಯ ಮುಪ್ಪಿನಿಂದ ಬೀಳುವುದಿಲ್ಲ ಎಂಬುದನ್ನೂ ಮರೆಯಬಾರದು. ತಾರಸಿಯ ಮೇಲೆ ನಿಂತ ಮಳೆನೀರು, ಬಿರುಕಿನಲ್ಲಿ ಬೇರುಬಿಟ್ಟ ಗಿಡ, ಉಸಿರಾಡಬೇಕಾದ ಗೋಡೆಗೆ ಮೆತ್ತಿದ ಸಿಮೆಂಟು, ಇವು ವರ್ಷಗಟ್ಟಲೆ ಕೂಡಿಬಂದಾಗ ಮರದ ತೊಲೆ ಕೊಳೆಯುತ್ತದೆ, ಸೂರು ಕೆಳಗಿಳಿಯುತ್ತದೆ.

ಗೋಡೆ, ಕಮಾನುಗಳ ನಕ್ಷೆಯನ್ನು ಬರೆದಿಟ್ಟು ಮತ್ತೆ ಕಟ್ಟಿಸಬಹುದು. ಹೂವಿನವರ ಪಕ್ಕ ಬಾಳೆಹಣ್ಣಿನವರು, ಅವರ ಪಕ್ಕ ವೀಳ್ಯದೆಲೆಯವರು ಕುಳಿತಿರುವ ಕ್ರಮಕ್ಕೆ ಯಾವ ನಕ್ಷೆಯೂ ಇಲ್ಲ. ಅದು ಗಿರಾಕಿಯ ನಡಿಗೆಯಿಂದ ತಲೆಮಾರುಗಳಲ್ಲಿ ರೂಪುಗೊಂಡದ್ದು. ಕಾಮಗಾರಿ ಮುಗಿಯುವವರೆಗೆ ಬೇರೆಡೆ ಕುಳಿತ ಕಟ್ಟೆಯ ವ್ಯಾಪಾರಿ ಹೊಸ ಬಾಡಿಗೆ ಕೊಟ್ಟು ಹಿಂತಿರುಗಲಾರದೆ ಹೋದರೆ, ಉಳಿಯುವುದು ಮಾರುಕಟ್ಟೆಯ ಹೆಸರು ಮಾತ್ರ. ಆದ್ದರಿಂದ ತೊಲೆಗಳ ಬಲವನ್ನು ಅಳೆಯುವವರು ಈ ಓಣಿಗಳಲ್ಲಿ ಯಾರು, ಯಾರ ಪಕ್ಕದಲ್ಲಿ, ಎಷ್ಟು ಅಗಲದ ಕಟ್ಟೆಯಲ್ಲಿ ಕುಳಿತಿದ್ದಾರೆ ಎಂಬುದನ್ನೂ ಮೊದಲೇ ಬರೆದಿಡಬೇಕು. ದುರಸ್ತಿಯಾಗಲಿ, ಮರುನಿರ್ಮಾಣವಾಗಲಿ, ಸರಿಯಾಯಿತೇ ಎಂದು ನೋಡಲು ಆ ಪಟ್ಟಿಯೇ ಅಳತೆಗೋಲು.