ಇಸಿಲಕ್ಕೆ ಬಂದ ಓಲೆ, ಹಟ್ಟಿಗೆ ಬಂದ ಪಾರ್ಸಲ್

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಎಲ್ಲರೂ ಅದರ ಧರ್ಮದ ಮಾತಿಗಾಗಿ ನೆನೆಯುತ್ತಾರೆ. ಟಪಾಲು ಕಚೇರಿಯ ಗುಮಾಸ್ತನೊಬ್ಬ ಅದನ್ನು ಓದಿದರೆ ಅವನ ಕಣ್ಣು ಬೀಳುವುದು ಮೊದಲ ಸಾಲುಗಳ ಮೇಲೆ. ಕಳುಹಿಸಿದವರು: ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು). ಸೇರಬೇಕಾದವರು: ಇಸಿಲದ ಮಹಾಮಾತ್ರರು. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ದೊರೆಯ ಅಪ್ಪಣೆ. 1892ರಲ್ಲಿ ಬಿ.ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲಿ ಇದೇ ಒಕ್ಕಣೆಯ ಮೂರು ಶಾಸನಗಳನ್ನು ಪತ್ತೆ ಮಾಡಿದರು. ಬ್ರಹ್ಮಗಿರಿಯ ಆಸುಪಾಸಿನಲ್ಲೇ ಇಸಿಲ ಇತ್ತು ಎಂಬುದು ವಿದ್ವಾಂಸರ ಎಣಿಕೆ. ಅಂದರೆ ಈ ಸೀಮೆಗೆ ವಿಳಾಸ ಬರೆದು ಕಳುಹಿಸಿದ ಓಲೆಗಳಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯದು ಇದು. ವಯಸ್ಸು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು.

ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರನೆಂಬ ಮಾತನ್ನು ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯ ಭಾರತದ ಆ ಲಿಪಿಯನ್ನು ಇಲ್ಲಿ ಓದುವವರು ಯಾರೂ ಇದ್ದಿರಲಾರರು; ತನ್ನ ಜಾಣತನ ತೋರಿಸುವ ಆಸೆ ಲಿಪಿಕಾರನಿಗೂ ಇತ್ತೆಂದು ಕಾಣುತ್ತದೆ. ಕಳುಹಿಸಿದವರು, ಪಡೆದವರು, ಬರೆದವನು ಎಲ್ಲರೂ ಕಲ್ಲಿನ ಮೇಲಿದ್ದಾರೆ. ಅಷ್ಟು ದೂರದಿಂದ ಅದನ್ನು ಹೊತ್ತು ತಂದವನು ಮಾತ್ರ ಇಲ್ಲ.

ಊರು ಅವನನ್ನು ಪೂರ್ತಿ ಮರೆತಿರಲಿಲ್ಲ. ಹಳೆಯ ಆಯಗಾರ ಪದ್ಧತಿಯಲ್ಲಿ ಗೌಡ, ಶಾನುಭೋಗ, ಬಡಗಿ, ಕಮ್ಮಾರರ ಜೊತೆಗೆ ತಳವಾರನಿಗೂ ತೋಟಿಗೂ ಪಾಲಿತ್ತು. ಊರಿಂದೂರಿಗೆ ಸರ್ಕಾರದ ಕಾಗದ ಒಯ್ಯುವುದು, ಕಂದಾಯದ ಹಣದ ಜೊತೆ ಕಾವಲು ಹೋಗುವುದು, ಪರವೂರಿನವರಿಗೆ ದಾರಿ ತೋರಿಸುವುದು ಅವರ ಪಾಲಿನ ಕೆಲಸ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರಿಗೆ ಜೋಳವೋ ಸಜ್ಜೆಯೋ ಅಳೆದು ಕೊಡಬೇಕಿತ್ತು. ಅದು ರೈತನ ಔದಾರ್ಯವಲ್ಲ, ಬರಬೇಕಾದ ಆಯ. ಇದನ್ನು ಸುವರ್ಣಯುಗವೆಂದು ಹೊಗಳುವುದೂ ತಪ್ಪು. ತೋಟಿತನ ಹುಟ್ಟಿನಿಂದ ಹೆಗಲೇರುತ್ತಿದ್ದ ಕೆಲಸ. ಕಾಗದ ತಂದವನು ಜಗಲಿ ಹತ್ತುವಂತಿರಲಿಲ್ಲ, ಬಿಟ್ಟಿ ಚಾಕರಿಗೆ ಒಲ್ಲೆ ಅನ್ನುವಂತಿರಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಆ ವ್ಯವಸ್ಥೆಗೆ ಕಾನೂನಿನ ತೆರೆ ಎಳೆಯಿತು. ಕೆಲಸಕ್ಕೆ ಪ್ರತಿಫಲ ಹಕ್ಕಾಗಿದ್ದ ಕಡೆಯಲ್ಲಿ ಮರ್ಯಾದೆ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಮುಂದೆ ಇದು ತಿರುವುಮುರುವಾಗುತ್ತದೆ.

ದೊರೆತನದ ಟಪಾಲಿನ ಕಥೆ ಬೇರೆ. ಹದಿನೇಳನೇ ಶತಮಾನದ ಕೊನೆಗೆ ಚಿಕ್ಕದೇವರಾಜ ಒಡೆಯರು ಕಟ್ಟಿದ ಮೈಸೂರು ಅಂಚೆ, ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸುತ್ತಿತ್ತು. ಹೈದರಾಲಿ ಈ ಎರಡನೇ ಕೆಲಸವನ್ನು ಇನ್ನಷ್ಟು ಬಿಗಿ ಮಾಡಿದ. ಗೆಜ್ಜೆ ಕಟ್ಟಿದ ಈಟಿ ಹಿಡಿದು ಓಡುವ ಹರಿಕಾರ, ಠಾಣೆಯಲ್ಲಿ ಚೀಲವನ್ನು ಇನ್ನೊಬ್ಬನ ಹೆಗಲಿಗೆ ದಾಟಿಸುತ್ತಿದ್ದ. ಮೊಳಕಾಲ್ಮುರು ಮೈಸೂರು ಸೀಮೆಯ ಗಡಿ ತಾಲ್ಲೂಕು. ಪಕ್ಕದ ರಾಯದುರ್ಗ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದವು. ಗಡಿಯ ಈಚೆ ಮಹಾರಾಜರ ಅಂಚೆ, ಆಚೆ ಬ್ರಿಟಿಷರ ಪೋಸ್ಟು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾದ ಮೇಲೆ ಎರಡೂ ಒಂದಾದವು.

ಆಮೇಲೆ ಬಂದವನು ಖಾಕಿ ಅಂಗಿಯ ಪೋಸ್ಟ್‌ಮ್ಯಾನ್. ಮೊಳಕಾಲ್ಮುರಿನ ನೆರೆಯ ಚಳ್ಳಕೆರೆ ಸೀಮೆಯಲ್ಲಿ ಪೋಸ್ಟ್‌ಮ್ಯಾನ್ ಆಗುವುದು ಸುಲಭದ ಮಾತಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೊಂದು, ಬಿಸಿಲನ್ನು ವಿವರಿಸಬೇಕಿಲ್ಲ. ಅದಕ್ಕಿಂತ ದೊಡ್ಡ ತೊಡಕು ಹೆಸರುಗಳದು. ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯ ಕೃಪೆಯಿಂದ ಮನೆಗೊಬ್ಬ ತಿಪ್ಪೇಸ್ವಾಮಿ. ಅವರು ಮುಗಿದರೆ ಓಬಯ್ಯ, ಬೋರಯ್ಯ, ಪಾಲಯ್ಯ. ಊರಿನ ಹೆಸರೂ ಅಷ್ಟೇ: ಒಂದೇ ಹೋಬಳಿಯಲ್ಲಿ ಗೊಲ್ಲರಹಟ್ಟಿ ಒಂದಲ್ಲ, ಹಲವು. ‘ತಿಪ್ಪೇಸ್ವಾಮಿ, ಗೊಲ್ಲರಹಟ್ಟಿ’ ಎಂದಷ್ಟೇ ಬರೆದ ಕಾರ್ಡನ್ನು ಸರಿಯಾದ ತಿಪ್ಪೇಸ್ವಾಮಿಗೆ ಮುಟ್ಟಿಸಬೇಕಾದರೆ ಯಾರ ಮಗ ಮಿಲಿಟರಿಯಲ್ಲಿದ್ದಾನೆ, ಯಾರ ಮಗಳನ್ನು ರಾಯದುರ್ಗಕ್ಕೆ ಕೊಟ್ಟಿದೆ, ಯಾರು ಕಾಫಿ ತೋಟದ ಕೂಲಿಗೆ ಹೋಗಿದ್ದಾರೆ ಎಂಬುದೆಲ್ಲ ಗೊತ್ತಿರಬೇಕು. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡ್ ಚಳ್ಳಕೆರೆಗೆ 577522, ಮೊಳಕಾಲ್ಮುರಿಗೆ 577535 ಎಂದು ಅಂಕಿ ಹಚ್ಚಿತು. ಆ ಅಂಕಿ ಚೀಲವನ್ನು ಸರಿಯಾದ ಅಂಚೆ ಕಚೇರಿಗೆ ತರುತ್ತದೆ, ಅಲ್ಲಿಂದ ಮುಂದಿನದು ಪೋಸ್ಟ್‌ಮ್ಯಾನ್‌ನ ತಲೆಯಲ್ಲಿರುವ ಊರಿನ ನಕ್ಷೆಗೆ ಬಿಟ್ಟದ್ದು.

ಅವನು ಬರೀ ಕಾಗದ ಕೊಟ್ಟು ಹೋಗುವ ಆಸಾಮಿ ಆಗಿರಲಿಲ್ಲ. ಓದು ಬಾರದವರಿಗೆ ಓದಿ ಹೇಳಬೇಕು, ಕಟ್ಟೆಯ ಮೇಲೆ ಕೂತು ಉತ್ತರ ಬರೆದುಕೊಡಬೇಕು, ತಂತಿ ಬಂದರೆ ಗಾಬರಿಯಾದವರಿಗೆ ಸಮಾಧಾನ ಹೇಳಬೇಕು. ಆರ್.ಕೆ. ನಾರಾಯಣರ ಕಥೆಯ ಪೋಸ್ಟ್‌ಮ್ಯಾನ್ ತಾನಪ್ಪ, ಮದುವೆ ನಿಂತುಹೋಗದಿರಲೆಂದು ಸಾವಿನ ಸುದ್ದಿಯನ್ನೇ ತಡೆಹಿಡಿಯುತ್ತಾನೆ. ಇಲಾಖೆಯ ನಿಯಮದ ಪ್ರಕಾರ ಅದು ಅಪರಾಧ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಅದನ್ನು ನೋಡಿದ ಯಾರಿಗೂ ಹಾಗೆ ಅನ್ನಿಸಲಿಲ್ಲ.

ಮನಿಯಾರ್ಡರ್ ಬಂದ ದಿನ ಪೋಸ್ಟ್‌ಮ್ಯಾನ್ ಕೈಗೆ ಚಿಲ್ಲರೆ, ಬಿಸಿಲಿಗೆ ಒಂದು ಚೊಂಬು ಮಜ್ಜಿಗೆ, ಯುಗಾದಿ–ದೀಪಾವಳಿಗೆ ಹಬ್ಬದ ಇನಾಮು. ನಿಯಮದ ಪುಸ್ತಕ ಇದನ್ನು ಒಪ್ಪುವುದಿಲ್ಲ, ಊರು ಒಪ್ಪಿತ್ತು. ಹೀಗೆ ಮಾಡುವುದು ನಾವು ಮಾತ್ರವೂ ಅಲ್ಲ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಮಾರನೆಯ ದಿನ ಟಪಾಲಿನವನಿಗೂ ಕಸ ಒಯ್ಯುವವನಿಗೂ ಕಾಣಿಕೆ ಕೊಡುವ ರೂಢಿ ಬಹಳ ಹಳೆಯದು. ಅಮೆರಿಕದ ಅಂಚೆ ಇಲಾಖೆಯಂತೂ ಲೆಕ್ಕ ಹಾಕಿಟ್ಟಿದೆ: ಒಂದು ಸಂದರ್ಭಕ್ಕೆ 20 ಡಾಲರ್ ಒಳಗಿನ ಉಡುಗೊರೆ ಆಗಬಹುದು, ನಗದು ಕೂಡದು.

ಇನಾಮು ಎಲ್ಲಿ ಮುಗಿದು ಮಾಮೂಲು ಎಲ್ಲಿ ಶುರುವಾಗುತ್ತದೆ ಎಂಬುದು ಬೇಗನೆ ಅಳಿಸಿಹೋಗುವ ಗೆರೆ. ವಿಧವಾ ವೇತನ, ವೃದ್ಧಾಪ್ಯ ವೇತನ, 2007ರಿಂದ ಸಂಧ್ಯಾ ಸುರಕ್ಷಾ ಹಣ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಇಷ್ಟು ನೋಟು ಹಿಡಿದುಕೊಂಡೇ ಉಳಿದದ್ದನ್ನು ಎಣಿಸುವ ಚಾಳಿಯ ಬಗ್ಗೆ ರಾಜ್ಯದ ಹಲವೆಡೆ ಮುದುಕಿಯರು ಗೊಣಗಿದ್ದುಂಟು. ಎದುರು ನಿಂತು ಕೇಳುವಂತಿಲ್ಲ, ಮುಂದಿನ ತಿಂಗಳೂ ಅವನೇ ಬರಬೇಕು. ಕೊಟ್ಟವರು ಖುಷಿಯಿಂದ ಕೊಟ್ಟರೋ ಅಂಜಿ ಕೊಟ್ಟರೋ ಎಂಬ ಪ್ರಶ್ನೆ ಕೇಳದೆ ಹಳೆಯ ಇನಾಮಿನ ಗುಣಗಾನ ಮಾಡುವುದು ಅರ್ಧ ಸತ್ಯವಷ್ಟೇ.

ಗಿರಾಕಿಯ ಸಿಟ್ಟಿಗೂ ಇಷ್ಟೇ ಉದ್ದದ ಚರಿತ್ರೆ ಇದೆ. 1877ರ ಡಿಸೆಂಬರ್‌ನಲ್ಲಿ ಭಾರತದ ಅಂಚೆ, ವಿ.ಪಿ.ಪಿ. (ವ್ಯಾಲ್ಯೂ ಪೇಯಬಲ್ ಪೋಸ್ಟ್) ಶುರು ಮಾಡಿತು. ಮಾಲು ಮನೆಗೆ ಬರುತ್ತದೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು, ಆ ದುಡ್ಡು ವ್ಯಾಪಾರಿಗೆ ಅಂಚೆಯಲ್ಲೇ ಹೋಗುತ್ತದೆ. ಪಂಚಾಂಗ, ಕಾದಂಬರಿ, ಕೈಗಡಿಯಾರ, ಟ್ರಾನ್ಸಿಸ್ಟರ್, ಕೂದಲು ಬೆಳೆಸುವ ತೈಲ ಎಲ್ಲವೂ ‘ವಿ.ಪಿ. ಮೂಲಕ ಕಳುಹಿಸಲಾಗುವುದು’ ಎಂಬ ಜಾಹೀರಾತಿನ ಬೆನ್ನಿಗೆ ಹಳ್ಳಿಗೆ ಬಂದವು. ಅಡ್ಡಿ ಒಂದೇ: ದುಡ್ಡು ಎಣಿಸಿ ಕೊಟ್ಟ ಮೇಲಷ್ಟೇ ಕಟ್ಟು ಬಿಚ್ಚಬೇಕು. ರೇಡಿಯೋ ಬದಲು ಇಟ್ಟಿಗೆ ಚೂರು ಬಂದ ಕಥೆ ಪ್ರತಿ ಊರಿನಲ್ಲೂ ಒಂದಿದೆ. ಮೋಸ ಹೋದವನು ಮೊದಲು ಬೈದದ್ದು ಎದುರಿಗಿದ್ದ ಪೋಸ್ಟ್‌ಮ್ಯಾನನ್ನೇ.

ಕಾನೂನಿನ ಬಾಗಿಲು ತಟ್ಟಿದರೂ ಹೆಚ್ಚು ಫಲವಿರಲಿಲ್ಲ. 1898ರ ಅಂಚೆ ಕಾಯ್ದೆಯ 6ನೇ ಕಲಮು, ಕಳೆದುಹೋದ, ತಡವಾದ, ತಪ್ಪು ಮನೆಗೆ ಹೋದ ಟಪಾಲಿಗೆ ಸರ್ಕಾರ ಹೊಣೆಯಲ್ಲ ಎಂದು ಕೈ ತೊಳೆದುಕೊಂಡಿತ್ತು. ನೌಕರ ಬೇಕೆಂದೇ ಮೋಸ ಮಾಡಿದ್ದರೆ ಅವನೊಬ್ಬನೇ ಹೊಣೆ. ಆ ಕಾಯ್ದೆಯ ಜಾಗಕ್ಕೆ ಬಂದ 2023ರ ಹೊಸ ಅಂಚೆ ಕಾಯ್ದೆಯೂ ಈ ರಕ್ಷಣೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ನೂರು ವರ್ಷಕ್ಕೂ ಮೀರಿ ಗಿರಾಕಿಗೆ ಸಿಟ್ಟು ಇತ್ತು, ಹಕ್ಕು ಇರಲಿಲ್ಲ.

ಅಂಚೆಯನ್ನು ನೆಚ್ಚದವರು ಬಸ್ಸು–ಲಾರಿಗಳನ್ನು ನೆಚ್ಚಿದರು. ಶೇಂಗಾ ಎಣ್ಣೆಯ ಮಿಲ್ಲುಗಳಿಂದ ‘ಎಣ್ಣೆ ನಗರಿ’ ಎನಿಸಿಕೊಂಡ ಚಳ್ಳಕೆರೆಗೆ ಲಾರಿ ಆಫೀಸು, ಹಮಾಲರು, ಬಿಲ್ಟಿ ಚೀಟಿ ಯಾವುದೂ ಹೊಸದಲ್ಲ. ‘ಬಸ್ಸಿಗೆ ಹಾಕೀನಿ, ಸ್ಟ್ಯಾಂಡಿನಾಗೆ ಇಳಿಸ್ಕಳಪ್ಪ’ ಎನ್ನುವುದೇ ಬಯಲುಸೀಮೆಯ ಕೊರಿಯರ್. ರಶೀದಿ ಇಲ್ಲ, ವಿಮೆ ಇಲ್ಲ, ಡ್ರೈವರಣ್ಣನ ಕೈಗೆ ಟೀ ಕಾಸು. ಕೆಎಸ್‌ಆರ್‌ಟಿಸಿ ‘ನಮ್ಮ ಕಾರ್ಗೋ’ ಎಂದು ಹೆಸರಿಟ್ಟು 2021ರಲ್ಲಿ ಪಾರ್ಸಲ್ ವ್ಯವಹಾರವನ್ನು ವ್ಯವಸ್ಥಿತವಾಗಿ ಹಿಡಿಯುವ ಹೊತ್ತಿಗೆ ಜನ ಇದನ್ನು ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಿದ್ದರು.

2007ರಲ್ಲಿ ಬೆಂಗಳೂರಿನಲ್ಲಿ ಆನ್‌ಲೈನ್ ಅಂಗಡಿ ಫ್ಲಿಪ್‌ಕಾರ್ಟ್ ಶುರುವಾದಾಗ ಅದರ ಮೊದಲ ಪುಸ್ತಕ ಹೋದದ್ದು ಅಂದಿನ ಆಂಧ್ರದ ಮೆಹಬೂಬ್‌ನಗರಕ್ಕೆ. ಆ ಪುಸ್ತಕ ದಾಸ್ತಾನಿನಲ್ಲಿ ಇರಲಿಲ್ಲ. ಅಂಗಡಿ ಅಂಗಡಿ ಅಲೆದು ತಂದು ಕಳುಹಿಸಬೇಕಾಯಿತು. ಈ ವ್ಯಾಪಾರದ ಮೊದಲ ಗಿರಾಕಿಯೇ ಕಾಯಬೇಕಾಯಿತು ಅನ್ನಿ. 2010ರಲ್ಲಿ ಕಂಪನಿ ಕ್ಯಾಶ್ ಆನ್ ಡೆಲಿವರಿ ತಂದಾಗ ಪತ್ರಿಕೆಗಳು ಕ್ರಾಂತಿ ಎಂದವು. ವಿ.ಪಿ. ಬಿಡಿಸಿಕೊಂಡು ರೂಢಿಯಿದ್ದ ಹಳ್ಳಿಯ ಹಿರಿಯರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ಈಗ ಚಳ್ಳಕೆರೆಯ ನೆಹರೂ ವೃತ್ತದಲ್ಲಿ ಬೆನ್ನಿಗೆ ಭಾರಿ ಚೀಲ ಕಟ್ಟಿಕೊಂಡ ಹುಡುಗ ಬೈಕಿನ ಮೇಲೆ ಒಂದು ಕಾಲೂರಿ ನಿಂತಿರುತ್ತಾನೆ. ಕಿವಿ ಮತ್ತು ಹೆಗಲ ನಡುವೆ ಫೋನು.

‘ಅಕ್ಕಾ, ನಿಮ್ದೊಂದು ಪಾರ್ಸಲ್ ಐತೆ. ಲೊಕೇಶನ್ ಹೊಲದಾಗೆ ತೋರಿಸ್ತೈತೆ.’

‘ಹೊಲದಾಗೇ ಇದೀನಪ್ಪ, ಕಡಲೆಕಾಯಿ ಕೀಳ್ತಾ ಇದೀವಿ. ಮನೆತಾವ ಅತ್ತೆ ಅದಾರೆ.’

‘ಓಟಿಪಿ ನಿಮ್ ಫೋನಿಗೆ ಬರ್ತೈತಕ್ಕಾ…’

ಇಲ್ಲಿ ಯಾರದೂ ತಪ್ಪಿಲ್ಲ. ಹಳೆಯ ಪೋಸ್ಟ್‌ಮ್ಯಾನ್ ಆಗಿದ್ದರೆ ಅತ್ತೆಯ ಕೈಗೆ ಕೊಟ್ಟು ಹೋಗುತ್ತಿದ್ದ. ಈ ಹುಡುಗ ಓಟಿಪಿ ಇಲ್ಲದೆ ಕೊಡುವಂತಿಲ್ಲ, ಕೊಡದೆ ಹೋದರೆ ಆ ಸುತ್ತಿಗೆ ದುಡ್ಡಿಲ್ಲ. ಹೆಚ್ಚಿನವರ ಸಂಪಾದನೆ ಮುಟ್ಟಿಸಿದ ಪಾರ್ಸಲ್ ಲೆಕ್ಕದಲ್ಲಿ, ಬೈಕು ಸ್ವಂತದ್ದು. ಮೂರು ದಿನದಿಂದ ‘ಇವತ್ತು ಬರುತ್ತದೆ’ ಎಂಬ ಸಂದೇಶ ನೋಡಿ ರೋಸಿದ ಗಿರಾಕಿಗೂ ಕಾರಣವಿದೆ. ಅಡ್ಡಿ ಇರುವುದು ಇಬ್ಬರ ಕಣ್ಣಿಗೂ ಬೀಳದ ಗೋದಾಮಿನಲ್ಲಿ, ಕಂಪ್ಯೂಟರಿನಲ್ಲಿ. ಸಿಟ್ಟು ಇಳಿಯುವುದು ಮಾತ್ರ ಹುಡುಗನ ಮೇಲೆ, ಒಂದೇ ಒಂದು ಸ್ಟಾರ್ ರೂಪದಲ್ಲಿ. ತೋಟಿಗೆ ಆಯವಿತ್ತು, ಮರ್ಯಾದೆ ಇರಲಿಲ್ಲ. ಇವನನ್ನು ಜನ ‘ಅಣ್ಣ’ ಎನ್ನುತ್ತಾರೆ, ನೀರು ಕೊಡುತ್ತಾರೆ, ಆಯವೇ ಇಲ್ಲ.

ಮೊಳಕಾಲ್ಮುರಿನ ನೇಕಾರರು ಇದನ್ನು ಆಚೆ ಬದಿಯಿಂದ ಕಾಣುತ್ತಾರೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಇಲ್ಲಿನ ರೇಷ್ಮೆ ಸೀರೆಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ, ಸೀರೆ ಕೊರಿಯರ್‌ನಲ್ಲಿ. ‘ಫೋಟೋದಲ್ಲಿದ್ದ ಬಣ್ಣವೇ ಬೇರೆ’ ಎಂದು ಅದು ತಿರುಗಿ ಬಂದರೆ ಹೋಗಿಬರುವ ಖರ್ಚು ನೇಕಾರನ ತಲೆಗೆ. ಮಡಿಕೆ ಕೆಟ್ಟ ಸೀರೆಯನ್ನು ಮತ್ತೆ ಹೊಸದರಂತೆ ಮಾರುವುದು ಕಷ್ಟ. ಇಷ್ಟಾದರೂ ಅವನು ಗಿರಾಕಿಗೆ ಸ್ಟಾರ್ ಕೊಡುವ ಕಾಲಂ ಎಲ್ಲೂ ಇಲ್ಲ.

ದುಡಿಮೆಗೆ ತಕ್ಕ ಕೂಲಿ ಎಂಬ ಮಾತು ಈ ಸೀಮೆಯಲ್ಲಿ ಹಳೆಯದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಬರದ ಸೀಮೆಯಲ್ಲಿ ಐದು ಕೆರೆ ಕಟ್ಟಿಸಿದರೆಂದು ಜನ ನೆನೆಯುತ್ತಾರೆ. ಕೆಲಸಗಾರರು ಗುಡ್ಡೆ ಹಾಕಿದ ಮರಳಿನ ಅಡಿಯಲ್ಲಿ ಅವರವರ ದುಡಿಮೆಗೆ ತಕ್ಕ ಕೂಲಿ ಸಿಗುತ್ತಿತ್ತಂತೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಆ ಐತಿಹ್ಯದ್ದು. ಪಾರ್ಸಲ್ ಎಣಿಸಿ ಕೂಲಿ ಕೊಡುವ ಕಂಪನಿಗಳೂ ಇದನ್ನೇ ಹೇಳಿಯಾವು. ವ್ಯತ್ಯಾಸವಿದೆ: ಆ ಕೆರೆಯ ನೀರು ಮಣ್ಣು ಹೊತ್ತವನಿಗೂ ಸಿಕ್ಕಿತು.

ಆ ವ್ಯತ್ಯಾಸವನ್ನು ತುಸು ತುಂಬಲು ಕರ್ನಾಟಕ 2025ರಲ್ಲಿ ಪಾರ್ಸಲ್ ಹುಡುಗರಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಹೇಳಿ 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಗಿರಾಕಿಗೂ ಈಗ ಹಕ್ಕು ಬಂದಿದೆ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಒಡೆದ ಮಾಲು ಬಂದರೆ, ಹಣ ವಾಪಸಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಿಳಾಸದಲ್ಲಿ ಬರಿಯ ‘ತಿಪ್ಪೇಸ್ವಾಮಿ’ ಎಂದು ಬರೆಯದೆ ಯಾರ ಮಗ, ಯಾವ ಗುಡಿಯ ಹಿಂದೆ ಎಂಬುದನ್ನೂ ಸೇರಿಸಿ. ಬಾಗಿಲಿಗೆ ಬಂದ ಹುಡುಗನನ್ನು ಬೈಯಬೇಡಿ. ಆ ಪೆಟ್ಟಿಗೆ ಕಟ್ಟಿದವನು ಅವನಲ್ಲ.