ಎಂಜಿನ್ನಿನ ಉಸಿರು

ಮೋಟಾರು ಕಾರಿನ ಚರಿತ್ರೆ ಬರೆಯುವವರು ಅದರ ವೇಗವನ್ನು ಕೊಂಡಾಡುತ್ತಾರೆ. ಎಂಜಿನ್ನಿನ ಹೊಟ್ಟೆಯಿಂದ ಹೊರಡುವ ಗೇಣುದ್ದದ ಕೊಳವೆಯ ಮಾತನ್ನು ಯಾರೂ ಎತ್ತುವುದಿಲ್ಲ. ಗ್ಯಾರೇಜಿನವರು ಅದನ್ನು ‘ಬ್ರೀದರ್ ಪೈಪು’ ಎನ್ನುತ್ತಾರೆ. ಅದು ಎಂಜಿನ್ನಿನ ಮೂಗು. ಈ ಮೂಗು ಎಲ್ಲಿಗೆ ಉಸಿರು ಬಿಡಬೇಕೆಂಬುದಕ್ಕೂ ಒಂದು ಚರಿತ್ರೆಯುಂಟು.

ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿರಲಿ, ಉರಿದ ಅನಿಲ ಕೊಂಚ ಕೆಳಗೆ ನುಸುಳಿ ಕ್ರ್ಯಾಂಕ್‌ಕೇಸನ್ನು ಸೇರುತ್ತದೆ. ಉರಿಯದ ಪೆಟ್ರೋಲೂ ನೀರಾವಿಯೂ ಅದರ ಜೊತೆಗೆ ಬರುತ್ತವೆ. ಹೊರದಾರಿ ಇಲ್ಲದಿದ್ದರೆ ಎಣ್ಣೆ ಕೆಸರಾಗುತ್ತದೆ. ಒತ್ತಡ ಹೆಚ್ಚಿ ಸೀಲುಗಳ ಸಂದಿನಿಂದ ಒಸರುತ್ತದೆ. ಹಿಂದಿನವರು ಕೊಳವೆಯ ತುದಿಯನ್ನು ನೆಲದತ್ತ ಇಳಿಬಿಟ್ಟು ಕೈತೊಳೆದುಕೊಂಡರು. ಗಾಡಿ ಓಡುವಾಗ ಗಾಳಿಯೇ ಹೊಗೆಯನ್ನು ಸೆಳೆಯುತ್ತಿತ್ತು. ಎಣ್ಣೆ ರಸ್ತೆಯ ಪಾಲಾಗುತ್ತಿತ್ತು.

ಎಲ್ಲ ಎಂಜಿನ್ನಿಗೂ ಈ ಮೂಗು ಬೇಕೆಂದಲ್ಲ. 1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್‌ಸೈಕಲ್ಲು ಟೂ ಸ್ಟ್ರೋಕ್ ಜಾತಿಯದು. ಅದರ ಕ್ರ್ಯಾಂಕ್‌ಕೇಸೇ ಪೆಟ್ರೋಲು ಗಾಳಿಗಳನ್ನು ಮೇಲೆ ತಳ್ಳುವ ಪಂಪು, ಮುಚ್ಚಿರಲೇಬೇಕು. ಅದೇ ರಸ್ತೆಯಲ್ಲಿ ಓಡುತ್ತಿದ್ದ ಮದರಾಸಿನ ಬುಲೆಟ್ಟಿಗಾದರೋ ಬ್ರೀದರ್ ಇಲ್ಲದೆ ಗತಿಯಿಲ್ಲ.

ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಆಗ ಕಣ್ಣುರಿಸುವ ಹೊಗೆಮಂಜು ಕಾಡುತ್ತಿತ್ತು. ಮೋಟಾರುಗಳ ಅನಿಲ ಬಿಸಿಲಿಗೆ ಬೆರೆತು ಈ ಮಂಜಾಗುತ್ತದೆಂದು ಹಾಗೆನ್ ಸ್ಮಿಟ್ ಎಂಬ ರಸಾಯನವಿಜ್ಞಾನಿ 1950ರ ದಶಕದ ಆರಂಭದಲ್ಲೇ ತೋರಿಸಿಕೊಟ್ಟಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಮೊದಲುಗೊಂಡು ಕೊಳವೆಯ ತುದಿ ಎಂಜಿನ್ನಿನ ಬಾಯಿಗೇ ತಿರುಗಿತು; ಬಿಟ್ಟ ಉಸಿರು ಮರಳಿ ಉರಿದುಹೋಗತೊಡಗಿತು. 1963ರ ಮಾದರಿಗಳೊಡನೆ ಈ ಪದ್ಧತಿ ಆ ದೇಶವನ್ನೆಲ್ಲ ವ್ಯಾಪಿಸಿತು. ನಮ್ಮ ಭಾರತ್ ಸ್ಟೇಜ್ ನಿಯಮಗಳೂ ಪೆಟ್ರೋಲು ಕಾರಿನ ಕ್ರ್ಯಾಂಕ್‌ಕೇಸ್ ಅನಿಲ ಬಯಲಿಗೆ ಬರಕೂಡದೆನ್ನುತ್ತವೆ.

ಪಂದ್ಯದ ಕಾರಿನ ಕಷ್ಟ ಬೇರೆ. ಒತ್ತಡ ಹೆಚ್ಚಿದಷ್ಟೂ ಉಸಿರಿನೊಡನೆ ಎಣ್ಣೆಯ ಹನಿಗಳು ಹೆಚ್ಚು. ಅವು ನೆಲಕ್ಕೆ ಬಿದ್ದರೆ ಹಿಂದೆ ಬರುವವನ ಚಕ್ರ ಜಾರುತ್ತದೆ. ಅದಕ್ಕಾಗಿ ಅಂತರರಾಷ್ಟ್ರೀಯ ಪಂದ್ಯನಿಯಮವು ಎಣ್ಣೆ ಹಿಡಿಯುವ ಡಬ್ಬಿಯನ್ನು ವಿಧಿಸಿದೆ: 2000 ಸಿ.ಸಿ.ವರೆಗೆ 2 ಲೀಟರು, ಮೇಲಾದರೆ 3 ಲೀಟರು.

ಈ ಡಬ್ಬಿ ಈಗ ನಮ್ಮ ಸೀಮೆಗೂ ಬಂದಿದೆ. ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬ ಬಳ್ಳಾರಿಯಲ್ಲಿ ತನ್ನ ಕಾರಿನ ಬಾನೆಟ್ಟೆತ್ತಿ ತೋರಿಸಿದ. ಕಂಪನಿಯ ಕೊಳವೆ ಹೋಗಿ ತಂತಿ ಹೆಣೆದ ಹೋಸು ಬಂದಿತ್ತು. ಅದರ ತುದಿಗೆ ಮಿರುಗುವ ಡಬ್ಬಿ, ಡಬ್ಬಿಯ ನೆತ್ತಿಯ ಮೇಲೆ ಪುಟ್ಟ ಫಿಲ್ಟರು. “ಈಗ ಎಂಜಿನ್ನು ಆರಾಮಾಗಿ ಉಸಿರಾಡ್ತೈತೆ ಸಾರ್” ಎಂದ.

ಹೋಸು ಒಳ್ಳೆಯದೇ. ನೀರಿನ ರಬ್ಬರು ಕೊಳವೆಯನ್ನು ಸಿಕ್ಕಿಸಿದ್ದರೆ ಅದು ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತಿತ್ತು. ಡಬ್ಬಿಯೂ ಕೆಟ್ಟದ್ದಲ್ಲ, ಹನಿಗಳನ್ನು ಹಿಡಿದಿಟ್ಟು ಗಾಳಿಯನ್ನು ಎಂಜಿನ್ನಿಗೆ ಮರಳಿಸುವ ಜಾತಿಯೂ ಉಂಟು. ಆದರೆ ಇವನ ಫಿಲ್ಟರು ಎಣ್ಣೆಯನ್ನಷ್ಟೇ ತಡೆದು ಅನಿಲವನ್ನು ಬೀದಿಗೆ ಬಿಡುತ್ತದೆ. ಅಷ್ಟು ಹಣ ತೆತ್ತು ಹುಡುಗ 1961ರ ಹಿಂದಕ್ಕೆ ಹೋಗಿದ್ದ. ತಯಾರಕರ ಮೂಲರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿರುವುದನ್ನೂ ಅವನಿಗೆ ತಿಳಿಸಿದೆ.

ಪಂದ್ಯದ ಮೈದಾನದಲ್ಲಿ ಹಿಂದೆ ಬರುವವನು ಕಣ್ಣಿಗೆ ಕಾಣುತ್ತಾನೆ. ಅವನಿಗಾಗಿ ಡಬ್ಬಿ ಇಡುತ್ತೇವೆ. ಊರ ಬೀದಿಯಲ್ಲಿ ಹಿಂದೆ ಬರುವುದು ಶಾಲೆಗೆ ನಡೆದು ಹೋಗುವ ಮಕ್ಕಳು. ಕೊಳವೆಯ ತುದಿಯನ್ನು ಒಳಕ್ಕೆ ತಿರುಗಿಸಿದ್ದು ಅಂಥವರಿಗಾಗಿ.