ಸೇಂದಿಯಿಂದ ಹಣ್ಣಿನ ಬಿಯರಿನವರೆಗೆ

ಕೃಷ್ಣೆ, ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಬೇಸಿಗೆಯ ತಾಪವು 40 ಡಿಗ್ರಿಯನ್ನು ದಾಟುವುದು ಹೊಸದಲ್ಲ. ಅಂಥ ಒಂದು ಮಧ್ಯಾಹ್ನ ಯುವಕನೊಬ್ಬನು ನನ್ನನ್ನು ಕೇಳಿದನು: "ಸ್ವಾಮಿ, ಈಗ ನಿಂಬೆಯ ಸ್ವಾದದ ಬಿಯರ್ ಬಂದಿದೆ. ಶರಬತ್ತಿನಷ್ಟೇ ಹಗುರವಂತೆ. ಸೆಕೆಗೆ ಕುಡಿದರೆ ತಪ್ಪೇ?" ಪ್ರಶ್ನೆಯು ಹೊಸದೆಂದು ತೋರಿದರೂ ಈ ನೆಲಕ್ಕೆ ಅದು ಬಹಳ ಹಳೆಯದು.

ದೇವದುರ್ಗ, ಮಾನ್ವಿಗಳ ಹಿರಿಯರು ಈಚಲು ಮರದ ಸೇಂದಿಯನ್ನು ಬಲ್ಲರು. ನಸುಕಿನಲ್ಲಿ ಇಳಿಸಿದ ರಸವು ಸಿಹಿಯಾದ ನೀರಾ. ಬಿಸಿಲೇರಿದಂತೆ ಹುದುಗು ಅದರ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ, ಅದೇ ಸೇಂದಿ. ಬೇಗ ಹುಳಿಯಾಗುವ ಅದನ್ನು ಕೂಡಿಡುವಂತಿರಲಿಲ್ಲ. ಮರ ಕೊಟ್ಟಷ್ಟೇ ಅದರ ಮಿತಿಯಾಗಿತ್ತು. 12ನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರಿನಲ್ಲಿಯೇ ಈ ಕಸುಬಿನ ನೆನಪು ಉಳಿದಿದೆ.

ಮುಂದೆ ಆ ಮಿತಿಯು ಮುರಿಯಿತು. 1956ರ ಏಕೀಕರಣಕ್ಕೆ ಮುಂಚೆ ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದ ಬೊಕ್ಕಸಕ್ಕೆ ಅಬಕಾರಿಯು ದೊಡ್ಡ ಆದಾಯವಾಗಿತ್ತು. ಗುತ್ತಿಗೆದಾರನಿಗೆ ಮರಕ್ಕಿಂತ ಮಾರಾಟವೇ ಮುಖ್ಯವಾಯಿತು. ಕಾಲಾಂತರದಲ್ಲಿ ಮರದಿಂದ ಇಳಿಯದ ಸೇಂದಿಯೂ ಬಂದಿತು. ನೀರಿಗೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆಯ ಮದ್ದನ್ನು ಬೆರೆಸಿ ಮಾರಿದರು; ಜನ ಅದನ್ನು ಸಿ.ಎಚ್. ಪೌಡರ್ ಎಂದರು. ಕುಡಿದವನು ಅದಕ್ಕೆ ದಾಸನಾದನು. ಬಿಟ್ಟರೆ ಕೈಕಾಲು ನಡುಗಿ ಮತಿ ತಪ್ಪುವಂತಾಯಿತು. 2004ರಲ್ಲಿ ಸೇಂದಿಯೂ 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧಕ್ಕೊಳಗಾದವು. ಆದರೆ ಕಲಬೆರಕೆಯ ಸೇಂದಿ ಕದ್ದು ಬರುವುದು ನಿಲ್ಲಲಿಲ್ಲ. ಮದ್ಯದಂಗಡಿಗಳೂ ಉಳಿದವು. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದವರಲ್ಲಿ ರಾಯಚೂರು ಜಿಲ್ಲೆಯ ತಾಯಂದಿರೂ ಇದ್ದರು. ಗಂಡನ ಕೂಲಿ ಮನೆಗೆ ಬಾರದ ದುಃಖವನ್ನು ಅವರು ಬಲ್ಲರು.

ಧರ್ಮಸಭೆಯು ಪಾನವನ್ನೇ ಪಾಪವೆಂದು ಸಾರಿಲ್ಲ. 6ನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯ 40ನೆಯ ಅಧ್ಯಾಯವು ಸನ್ಯಾಸಿಗೆ ದಿನಕ್ಕೊಂದು ಅಳತೆಯ ದ್ರಾಕ್ಷಾರಸ ಸಾಕೆನ್ನುತ್ತದೆ; ತ್ಯಜಿಸಬಲ್ಲವನಿಗೆ ವಿಶೇಷ ಫಲವಿದೆಯೆಂದೂ ಹೇಳುತ್ತದೆ. ಯೂರೋಪಿನ ಮಠಗಳು ಬಿಯರನ್ನೂ ತಯಾರಿಸಿದವು. ಅಲ್ಲಿ ಅಳತೆಯಿತ್ತು; ಪಾತ್ರೆಯಲ್ಲಿ ಏನಿದೆಯೆಂಬ ಅರಿವೂ ಇತ್ತು. ನಮ್ಮ ಸೇಂದಿಯು ಕಳೆದುಕೊಂಡದ್ದು ಇವೆರಡನ್ನೇ.

ಬಿಯರಿಗೆ ನಿಂಬೆಯ ಪಾನಕ ಬೆರೆಸುವ 'ರಾಡ್ಲರ್' ಜರ್ಮನಿಯದು. ಆ ಪದಕ್ಕೆ ಸೈಕಲ್ ಸವಾರ ಎಂದರ್ಥ. ಅದರಲ್ಲಿ ಮದ್ಯಸಾರವು ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸು. ಮಾಮೂಲು ಬಿಯರಿನಲ್ಲಿ ಶೇಕಡಾ 5ರ ಆಸುಪಾಸು. ಇದೇ ಹೆಸರಿನಲ್ಲಿ ಮದ್ಯಸಾರವಿಲ್ಲದ ಪಾನೀಯವೂ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಿದೆ. ಹೀಗಿರಲು 'ಹಗುರ' ಎಂಬ ಮಾತು ಅಳತೆಯಾಗದು, ಹಣ್ಣಿನ ಚಿತ್ರವು ಸಾಕ್ಷಿಯಾಗದು. ಸೀಸೆಯ ಮೇಲಿನ ಅಂಕಿಯನ್ನು ಓದಬೇಕು. ಮದ್ಯಸಾರವು ಮೂತ್ರವನ್ನು ಹೆಚ್ಚಿಸುವುದರಿಂದ ಬಿಸಿಲಿನ ದಾಹಕ್ಕೆ ಮಜ್ಜಿಗೆಯೇ ಮೇಲು.

ಆ ಯುವಕನಿಗೆ ನಾನು ಇಷ್ಟನ್ನೂ ತಿಳಿಸಿ, ಕಾನಾ ಊರಿನ ಮದುವೆಯನ್ನು ನೆನಪಿಸಿದೆನು. ಯೇಸುಸ್ವಾಮಿ ಮದುವೆಮನೆಯ ಸಂತೋಷವನ್ನು ಹಳಿಯಲಿಲ್ಲ. ಅಲ್ಲಿನ ಕೊರತೆಯನ್ನು ನೀಗಿದರು. ನಮ್ಮ ಬಟ್ಟಲಿನಿಂದ ಮನೆಗೆ ಸಂತೋಷ ಬರುವುದೋ ಕೊರತೆ ಬರುವುದೋ ಎಂಬುದನ್ನು ನಮಗಿಂತ ಮೊದಲು ಮನೆಯವರೇ ಅರಿಯುತ್ತಾರೆ. ಅವರನ್ನು ಕೇಳಿದ ಬಳಿಕವೇ ಬಟ್ಟಲನ್ನು ಎತ್ತೋಣ.